ತಾರಸಿ ಮೇಲಿನ ಸೊಪ್ಪು, ಅಡುಗೆಮನೆಯ ಬಸ್ಸಾರು

ತಾರಸಿ ಕೈತೋಟ ಅಂದ ತಕ್ಷಣ ಎಲ್ಲರೂ ಕೇಳುವುದು 'ಟೊಮೆಟೊ ಬಂತಾ?' ಅಂತ. ಟೊಮೆಟೊ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಸೊಪ್ಪಿನ ವಿಷಯ. ಬೆಂಗಳೂರಿನ ತಾರಸಿಗೆ ಹೇಳಿ ಮಾಡಿಸಿದ ಬೆಳೆ ಸೊಪ್ಪು. ಆಳದ ಮಣ್ಣು ಬೇಡ, ಜಾಸ್ತಿ ಭಾರ ಇಲ್ಲ, ತಿಂಗಳು ತುಂಬುವಷ್ಟರಲ್ಲಿ ಅಡುಗೆಮನೆಗೆ ಬರುತ್ತದೆ. ಬಂದಿದ್ದು ಒಂದೇ ಹಿಡಿ ಆದರೂ ಅದಕ್ಕೆ ತಕ್ಕ ಅಡುಗೆ ನಮ್ಮ ಕಡೆ ಇದ್ದೇ ಇದೆ. ಈ ಕೊನೆಯ ಮಾತು ನನಗೆ ತುಂಬಾ ಮುಖ್ಯ. ಬೆಳೆಯುವುದು ಅರ್ಧ ಕೆಲಸ. ಬಂದಷ್ಟನ್ನು, ಬಂದ ಹೊತ್ತಿಗೆ, ರುಚಿಯಾಗಿ ಬೇಯಿಸುವುದು ಇನ್ನರ್ಧ.

ನಾವಿರುವುದು ಗಿರಿನಗರದಲ್ಲಿ. ಬಾಡಿಗೆ ಮನೆ, ಮೊದಲನೇ ಮಹಡಿ. ಮೈಸೂರು ರಸ್ತೆಗೆ ಹೋದಾಗಲೆಲ್ಲ ವೃಷಭಾವತಿ ನದಿಯ ವಾಸನೆ ಮೂಗಿಗೆ ಬಡಿಯುತ್ತದೆ. ನಗರದ ಕೊಳಚೆ, ಕಾರ್ಖಾನೆಗಳ ನೀರು ಎಲ್ಲವನ್ನೂ ಹೊತ್ತುಕೊಂಡು ಅದು ಬಿಡದಿ ಕಡೆಯ ಬೈರಮಂಗಲ ಕೆರೆ ಸೇರುತ್ತದೆ. ಆ ನೀರಿನಲ್ಲೇ ಬೆಳೆ ತೆಗೆಯುವ ಹೊಲಗಳಿವೆ. ಅಲ್ಲಿನ ರೈತರಿಗೆ ಬೇರೆ ನೀರು ಎಲ್ಲಿಂದ ಬರಬೇಕು? ಅವರನ್ನು ದೂರುವುದು ನ್ಯಾಯವಲ್ಲ. ಆದರೆ ಸೊಪ್ಪು ಅನ್ನುವುದು ಸೀಸ, ಕ್ಯಾಡ್ಮಿಯಂ ಥರದ ಲೋಹಗಳನ್ನು ಸುಲಭವಾಗಿ ಎಲೆಗೆ ಎಳೆದುಕೊಳ್ಳುವ ಬೆಳೆ. ತೊಳೆದರೆ ಮೇಲಿನ ಮಣ್ಣು ಹೋಗುತ್ತದೆ, ಒಳಗೆ ಸೇರಿದ್ದು ಹೋಗುವುದಿಲ್ಲ. ನನ್ನ ಮಗಳಿಗೆ ಮುದ್ದೆ ಜೊತೆ ಸೊಪ್ಪಿನ ಸಾರು ಅಂದರೆ ಪ್ರಾಣ. ಅವಳು ತಿನ್ನುವ ಸೊಪ್ಪಿನಲ್ಲಿ ಅರ್ಧವಾದರೂ ಯಾವ ನೀರು ಕುಡಿದು ಬೆಳೆದಿದ್ದು ಅಂತ ನನಗೆ ಗೊತ್ತಿರಬೇಕು ಅನ್ನಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಶುರು ಮಾಡಿದೆ.

ಬಾಡಿಗೆ ಮನೆಯಲ್ಲಿ ಮಣ್ಣಿಗಿಂತ ಮೊದಲು ಬೇಕಾಗಿರುವುದು ಒಪ್ಪಿಗೆ. ಓನರ್ ಆಂಟಿ ಕೆಳಗಡೆ ಮನೆಯಲ್ಲೇ ಇದ್ದಾರೆ. "ಗಿಡ ಇಟ್ಕೊಳಮ್ಮ, ಬೇಡ ಅನ್ನಲ್ಲ. ಆದ್ರೆ ತಾರಸಿ ಸೋರಿದ್ರೆ ಏನ್ ಮಾಡೋದು?" ಅಂದರು. ಅವರ ಭಯ ಸರಿಯಾದದ್ದೇ. ಹನ್ನೆರಡು ಇಂಚು ಅಗಲ, ಹನ್ನೆರಡು ಇಂಚು ಎತ್ತರದ ಒಂದು ಗ್ರೋ ಬ್ಯಾಗ್ ತುಂಬ ಮಣ್ಣು ತುಂಬಿ ನೀರು ಹಾಕಿದರೆ ಇಪ್ಪತ್ತು ಕಿಲೋ ಹತ್ತಿರ ತೂಗುತ್ತದೆ. ಅಂಥವನ್ನು ತಾರಸಿಯ ಮಧ್ಯಕ್ಕೆ ಗುಂಪಾಗಿ ಇಡುವುದು ಒಳ್ಳೆಯದಲ್ಲ. ನೇರವಾಗಿ ನೆಲದ ಮೇಲಿಟ್ಟರೆ ಕೆಳಗೆ ತೇವ ನಿಂತು ಪಾಚಿ ಕಟ್ಟುತ್ತದೆ, ಸಣ್ಣ ಬಿರುಕಿದ್ದರೆ ಅಲ್ಲಿಂದ ನೀರು ಇಳಿಯುತ್ತದೆ. ಸೊಪ್ಪಿಗಾದರೆ ಆರರಿಂದ ಎಂಟು ಇಂಚು ಆಳದ ಟ್ರೇ ಸಾಕು. ಅದನ್ನು ಗೋಡೆಯ ಪಕ್ಕ, ಕಬ್ಬಿಣದ ಸ್ಟ್ಯಾಂಡ್ ಮೇಲೆ ಇಟ್ಟರೆ ಕೆಳಗೆ ಪೊರಕೆ ಆಡುತ್ತದೆ, ಗಾಳಿ ಆಡುತ್ತದೆ, ನೆಲ ಒಣಗುತ್ತದೆ. ಹೀಗೆ ಇಡುತ್ತೇನೆ ಅಂತ ಆಂಟಿಗೆ ತಾರಸಿ ಮೇಲೆ ನಿಂತೇ ತೋರಿಸಿದೆ. ಒಪ್ಪಿದರು. ಮಳೆ ನೀರು ಹೋಗುವ ಕೊಳವೆಯ ಬಾಯಿಗೆ ಜಾಲರಿ ಹಾಕಿಸಬೇಕು ಅಂದರು. ಅದು ಒಳ್ಳೆಯ ಸಲಹೆ. ಎಲೆ, ನಾರು ಸೇರಿ ಕೊಳವೆ ಕಟ್ಟಿಕೊಂಡರೆ ಒಂದು ಜೋರು ಮಳೆಗೆ ತಾರಸಿ ಕೆರೆಯಾಗುತ್ತದೆ.

ಮಣ್ಣಿನ ಲೆಕ್ಕ ಸರಳ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಗೊಬ್ಬರ. ಟ್ರೇಗೆ ಒಂದೊಂದು ಹಿಡಿ ಬೇವಿನ ಹಿಂಡಿ. ಬರೀ ಕೆಂಪು ಮಣ್ಣು ಹಾಕಿದರೆ ಬಿಸಿಲಿಗೆ ಗಟ್ಟಿಯಾಗಿ ಬಿರಿಯುತ್ತದೆ, ಭಾರವೂ ಜಾಸ್ತಿ. ಕೋಕೋಪೀಟ್ ಅಂದರೆ ತೆಂಗಿನ ನಾರು ಬಿಡಿಸುವಾಗ ಉದುರುವ ಪುಡಿ. ಇಟ್ಟಿಗೆಯ ಆಕಾರದಲ್ಲಿ ಒತ್ತಿ ಮಾರುತ್ತಾರೆ. ಅದನ್ನು ನೆನೆಸಿ, ಆ ನೀರು ಬಸಿದು, ಮತ್ತೆ ಎರಡು ಸಲ ತೊಳೆಯಬೇಕು. ಅದರಲ್ಲಿ ಉಪ್ಪಿನ ಅಂಶ ಇರುತ್ತದೆ. ತೊಳೆಯದಿದ್ದರೆ ಎಳೆ ಸಸಿಯ ಎಲೆ ತುದಿ ಸುಟ್ಟ ಹಾಗೆ ಕಂದಾಗುತ್ತದೆ.

ಗೊಬ್ಬರವನ್ನು ಮನೆಯಲ್ಲೇ ಮಾಡುತ್ತೇನೆ. ಬೆಂಗಳೂರಿನಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಲೇಬೇಕಲ್ವಾ? ಹೇಗೂ ಬೇರೆ ಮಾಡಿದ ಹಸಿ ಕಸವನ್ನು ಗಾಡಿಗೆ ಕೊಡುವ ಬದಲು ಮಣ್ಣಿನ ಮಡಕೆಗೆ ಹಾಕಿದರೆ ಆಯಿತು. ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ, ಕಾಫಿ ಚರಟ, ಟೀ ಪುಡಿ ಒಂದು ಪದರ. ಅದರ ಮೇಲೆ ಒಣ ಎಲೆ ಒಂದು ಪದರ. ಒಣ ಎಲೆಗೆ ನಮ್ಮ ಊರಿನಲ್ಲಿ ಬರವೇ ಇಲ್ಲ. ಜನವರಿ, ಫೆಬ್ರವರಿಯಲ್ಲಿ ಹೊಂಗೆ ಮರಗಳು ಎಲೆ ಉದುರಿಸಿ ಯುಗಾದಿ ಹೊತ್ತಿಗೆ ಹೊಸ ಚಿಗುರು ಹೊತ್ತು ನಿಲ್ಲುತ್ತವೆ. ಆಗ ಬೀದಿ ಗುಡಿಸುವವರು ಮೂಲೆಯಲ್ಲಿ ಗುಡ್ಡೆ ಹಾಕಿದ ಎಲೆಯನ್ನು ಅವರನ್ನು ಕೇಳಿಯೇ ಗೋಣಿಚೀಲಕ್ಕೆ ತುಂಬಿಕೊಳ್ಳುತ್ತೇವೆ. ಅದಕ್ಕೆ ಬೆಂಕಿ ಹಾಕುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಸುಡುವುದು ಕಾನೂನಿಗೂ ವಿರುದ್ಧ, ಉಸಿರಿಗೂ ಕೆಟ್ಟದ್ದು. ಅಷ್ಟೂ ಎಲೆ ಮಣ್ಣಾಗಬೇಕಾದದ್ದು.

ಮಡಕೆಯಿಂದ ವಾಸನೆ ಬಂದರೆ ತೇವ ಜಾಸ್ತಿಯಾಗಿದೆ ಅಂತ ಅರ್ಥ. ಒಣ ಎಲೆ ಹಾಕಿ ಕೋಲಿನಿಂದ ಕೆದಕಿದರೆ ಮರುದಿನಕ್ಕೆ ಸರಿಹೋಗುತ್ತದೆ. ದಪ್ಪ ಬಿಳಿ ಹುಳುಗಳು ಕಂಡರೆ ಹೆದರಬೇಕಿಲ್ಲ, ಕಸವನ್ನು ಬೇಗ ಕರಗಿಸುವುದು ಅವೇ. ಎರಡು ಮೂರು ತಿಂಗಳಿಗೆ ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬರುವ ಗೊಬ್ಬರ ಸಿಗುತ್ತದೆ. ಜರಡಿ ಹಿಡಿದು ಉಳಿದ ನಾರನ್ನು ಮತ್ತೆ ಮಡಕೆಗೇ ಹಾಕುತ್ತೇನೆ.

ಬೀಜಕ್ಕೆ ಲಾಲ್‌ಬಾಗ್ ಹತ್ತಿರದ ಸಿದ್ದಾಪುರದ ನರ್ಸರಿಗಳಿಗೆ ಹೋಗಿದ್ದೆ. ಆಮೇಲೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳನ್ನು ತರಿಸಿಕೊಂಡೆ. ಅಲ್ಲಿನ ತಳಿಗಳ ಹೆಸರೆಲ್ಲ 'ಅರ್ಕಾ' ಅಂತಲೇ ಶುರುವಾಗುತ್ತವೆ. ಹಸಿರು ಎಲೆಯ ಅರ್ಕಾ ಸುಗುಣ, ಕೆನ್ನೇರಳೆ ಎಲೆಯ ಅರ್ಕಾ ಅರುಣಿಮಾ, ಎರಡೂ ಮತ್ತೆ ಮತ್ತೆ ಕುಯ್ದುಕೊಳ್ಳಬಹುದಾದ ದಂಟು. ತಾರಸಿಗೆ ಇಂಥವೇ ಬೇಕು. ಬೇರು ಸಮೇತ ಕೀಳುವ ಸೊಪ್ಪಾದರೆ ಟ್ರೇ ಖಾಲಿಯಾಗುತ್ತದೆ. ಕುಯ್ಯುವ ಸೊಪ್ಪಾದರೆ ಬುಡದಲ್ಲಿ ನಾಲ್ಕು ಬೆರಳು ಬಿಟ್ಟು ಕುಯ್ದರೆ ಪಕ್ಕದಿಂದ ಮತ್ತೆ ಚಿಗುರುತ್ತದೆ.

ಅರ್ಧದಷ್ಟು ಬೀಜ ಅಡುಗೆಮನೆಯ ಡಬ್ಬಿಯಲ್ಲೇ ಇದೆ. ಮೆಂತ್ಯವನ್ನು ರಾತ್ರಿ ನೆನೆಸಿ ಬೆಳಿಗ್ಗೆ ಚೆಲ್ಲಿದರೆ ಮೂರು ನಾಲ್ಕು ದಿನಕ್ಕೆ ಮೊಳಕೆ ಮೇಲೆ ಬರುತ್ತದೆ, ತಿಂಗಳೊಳಗೆ ಸೊಪ್ಪು. ಕೊತ್ತಂಬರಿ ಬೀಜವನ್ನು ಚಪ್ಪಲಿಯ ಅಡಿಯಲ್ಲೋ ಲಟ್ಟಣಿಗೆಯಲ್ಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ನೆನೆಸಿ ಹಾಕಬೇಕು. ಅದು ಮೊಳೆಯಲು ಎಂಟು ಹತ್ತು ದಿನ ಬೇಕು, ತಾಳ್ಮೆ ಕೇಳುತ್ತದೆ. ದಂಟಿನ ಬೀಜ ಸಾಸಿವೆಗಿಂತ ಸಣ್ಣದು. ಒಂದು ಚಮಚ ಬೀಜಕ್ಕೆ ಒಂದು ಹಿಡಿ ಮರಳು ಬೆರೆಸಿ ಚೆಲ್ಲಿದರೆ ಒಂದೇ ಕಡೆ ಗುಂಪಾಗುವುದಿಲ್ಲ. ಮೇಲೆ ತೆಳುವಾಗಿ ಗೊಬ್ಬರ ಉದುರಿಸಿ, ಕೈಯಲ್ಲಿ ನೀರು ಚಿಮುಕಿಸಬೇಕು. ಮಗ್ಗಿನಲ್ಲಿ ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಹೋಗಿ ಕೂರುತ್ತದೆ. ಬಸಳೆಗೆ ಬೀಜವೇ ಬೇಡ. ಮಾರ್ಕೆಟ್ಟಿನಿಂದ ತಂದ ಕಟ್ಟಿನಲ್ಲಿ ದಪ್ಪ ಕಾಂಡ ಆರಿಸಿ ನೆಟ್ಟರೆ ಹತ್ತಿಕೊಳ್ಳುತ್ತದೆ. ದೊಡ್ಡಪತ್ರೆ, ಒಂದೆಲಗವೂ ಹಾಗೇ. ಯಾರ ಮನೆಯಲ್ಲಾದರೂ ಒಂದು ತುಂಡು ಕೇಳಿದರೆ ಕೊಡದೇ ಇರುವವರು ಕಡಿಮೆ.

ಪಾರಿವಾಳಗಳಿಗೆ ಎಳೆ ಮೊಳಕೆ ತುಂಬಾ ಇಷ್ಟ. ಬೀಜ ಹಾಕಿದ ದಿನವೇ ಟ್ರೇ ಮೇಲೆ ಬಲೆ ಕಟ್ಟಬೇಕು.

ಇನ್ನು ಅಜ್ಜಿಯ ವಿಷಯ. ಓನರ್ ಆಂಟಿಯ ಅತ್ತೆ. ಮಾಗಡಿ ಕಡೆಯವರು. ಸಂಜೆ ಬಿಸಿಲು ಕಾಯಲು ತಾರಸಿಗೆ ಬರುತ್ತಿದ್ದರು. ನಾನು ದಂಟಿನ ಟ್ರೇಯಲ್ಲಿ ಕಳೆ ಕೀಳುತ್ತಿದ್ದರೆ ಪಕ್ಕದಲ್ಲಿ ಕೂತು ನೋಡುತ್ತಿದ್ದವರು ಒಂದು ದಿನ ನನ್ನ ಕೈ ಹಿಡಿದರು. "ಅಯ್ಯೋ, ಇದ್ನ ಯಾಕವ್ವಾ ಕಿತ್ತಾಕ್ತೀಯಾ? ಇದು ಅಣ್ಣೆ ಸೊಪ್ಪು ಕಣವ್ವಾ. ಹೊಲದಲ್ಲಿ ಹುಡುಕ್ಕೊಂಡು ಹೋಗಿ ಕೀಳ್ತಿದ್ವಿ ನಾವು." ಆಮೇಲೆ ಟ್ರೇಯಿಂದ ಟ್ರೇಗೆ ಹೋಗಿ ಬೆರಳಿಟ್ಟು ತೋರಿಸಿದರು. ನೆಲಕ್ಕೆ ಅಂಟಿಕೊಂಡು ಹಬ್ಬಿದ, ದಪ್ಪ ಎಲೆಯದ್ದು ಗೋಣಿ ಸೊಪ್ಪು. ತೇವ ಇದ್ದ ಕಡೆ ಬಂದಿದ್ದು ಹೊನಗೊನ್ನೆ. ಹಕ್ಕಿ ಹಾಕಿದ ಬೀಜದಿಂದ ಹುಟ್ಟಿದ್ದು ಗಣಿಕೆ, ಅದನ್ನೇ ಕಾಶಿ ಸೊಪ್ಪು ಅಂತಲೂ ಕರೆಯುತ್ತಾರೆ. ಯಾರೂ ಬಿತ್ತದ ಕೀರೆ. ನಾನು ಬಿತ್ತಿದ್ದು ನಾಲ್ಕು ಬಗೆ ಆದರೆ ಮಣ್ಣು ತಾನಾಗೇ ಕೊಟ್ಟಿದ್ದು ಅದಕ್ಕಿಂತ ಹೆಚ್ಚು.

"ಎಲ್ಲಾ ಒಂದೊಂದ್ ಹಿಡಿ ಸೇರ್ಸು. ಬೆರಕೆ ಸೊಪ್ಪು ಅಂತಾರೆ. ಇದ್ರ ಬಸ್ಸಾರು ಮುಂದೆ ಇನ್ಯಾವ್ದೂ ಇಲ್ಲ" ಅಂದರು ಅಜ್ಜಿ. ನನ್ನ ತಾರಸಿಗೆ ಬೇಕಾಗಿದ್ದ ಉತ್ತರ ಇದೇ ಆಗಿತ್ತು. ಒಂದೇ ಬಗೆಯ ಸೊಪ್ಪು ಒಂದು ಅಡುಗೆಗೆ ಸಾಲುವಷ್ಟು ಒಂದೇ ದಿನ ಬರಬೇಕೆಂದರೆ ತುಂಬಾ ಟ್ರೇ ಬೇಕು. ಬೆರಕೆ ಅಂದರೆ ಇದ್ದದ್ದೆಲ್ಲ ಸಾಲುತ್ತದೆ. ಹೊಲದ ಬದುವಿನಲ್ಲಿ ಸಿಕ್ಕಷ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಅಡುಗೆ ಮಾಡಿದ ಹೆಂಗಸರು ಹುಟ್ಟುಹಾಕಿದ ಅಡುಗೆ ಇದು. ನಗರದ ತಾರಸಿಗೆ ಇಷ್ಟು ಚೆನ್ನಾಗಿ ಹೊಂದುವ ಅಡುಗೆ ನಾನಂತೂ ಇನ್ನೊಂದು ನೋಡಿಲ್ಲ.

ಒಂದು ಎಚ್ಚರ ಮಾತ್ರ ಹೇಳಲೇಬೇಕು. ತಾನಾಗಿ ಹುಟ್ಟಿದ ಸೊಪ್ಪನ್ನು ಗೊತ್ತಿರುವವರು ಎದುರು ನಿಂತು ತೋರಿಸದೆ ತಿನ್ನಬಾರದು. ಫೋಟೋ ನೋಡಿ ತೀರ್ಮಾನ ಮಾಡುವ ವಿಷಯ ಅಲ್ಲ. ಗಣಿಕೆಯ ಎಲೆ ಬೇಯಿಸಿ ತಿನ್ನುತ್ತಾರೆ, ಆದರೆ ಅದರ ಹಸಿರು ಕಾಯಿ ವಿಷ. ಎಲೆ ಬಿಡಿಸುವಾಗ ಕಾಯಿ ಸೇರದ ಹಾಗೆ ಅಜ್ಜಿ ಒಂದೊಂದೇ ಕಡ್ಡಿ ನೋಡುತ್ತಿದ್ದರು.

ಈಗ ಬಸ್ಸಾರು. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಸೊಪ್ಪು ಕುಯ್ಯುತ್ತೇನೆ. ಆಗ ಎಲೆ ಬಿಗಿಯಾಗಿರುತ್ತದೆ. ದಂಟು ಮತ್ತು ಕೀರೆ ಮುಕ್ಕಾಲು ಪಾಲು. ಉಳಿದಿದ್ದರಲ್ಲಿ ಅಣ್ಣೆ, ಹೊನಗೊನ್ನೆ, ಒಂದು ಹಿಡಿ ನುಗ್ಗೆ ಸೊಪ್ಪು. ಗೋಣಿ ಸೊಪ್ಪಿಗೆ ಹುಳಿ, ಲೋಳೆ ಇರುತ್ತದೆ. ಗಣಿಕೆಗೆ ಸಣ್ಣ ಕಹಿ. ಇವೆರಡೂ ಸ್ವಲ್ಪವೇ ಇರಬೇಕು. ಅಗಲ ಪಾತ್ರೆಯಲ್ಲಿ ಮೂರು ನೀರಿನಲ್ಲಿ ತೊಳೆಯಬೇಕು. ಸೊಪ್ಪನ್ನು ಮೇಲಿನಿಂದ ಎತ್ತಬೇಕು, ನೀರು ಬಗ್ಗಿಸಬಾರದು. ಬಗ್ಗಿಸಿದರೆ ತಳದ ಮಣ್ಣು ಮತ್ತೆ ಸೊಪ್ಪಿಗೇ ಬರುತ್ತದೆ.

ತೊಗರಿಬೇಳೆಯನ್ನು ಕುಕ್ಕರ್‌ಗೆ ಹಾಕಬೇಡಿ. ದಪ್ಪ ತಳದ ಪಾತ್ರೆಯಲ್ಲಿ ಜಾಸ್ತಿ ನೀರಿಟ್ಟು, ಎರಡು ಹನಿ ಎಣ್ಣೆ ಬಿಟ್ಟು ಬೇಯಿಸಿ. ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಕರಗಬಾರದು. ಆ ಹದಕ್ಕೆ ಬಂದಾಗ ಹೆಚ್ಚಿದ ಸೊಪ್ಪು, ಉಪ್ಪು ಹಾಕಿ, ಮುಚ್ಚಳ ತೆಗೆದೇ ಬೇಯಿಸಬೇಕು. ತಾರಸಿಯ ಎಳೆ ಸೊಪ್ಪು ಐದೇ ನಿಮಿಷಕ್ಕೆ ಬೆಂದು ಕೂರುತ್ತದೆ, ಅಂಗಡಿ ಸೊಪ್ಪಿನ ಅಂದಾಜಿನಲ್ಲಿ ಬಿಟ್ಟರೆ ಪಲ್ಯ ಮುದ್ದೆಯಾಗುತ್ತದೆ. ಬೆಂದ ಮೇಲೆ ಬಸಿಯಿರಿ. ಆ ಬಸಿದ ಕಟ್ಟೇ ಸಾರಿನ ಜೀವ, ಒಂದು ಹನಿಯೂ ಚೆಲ್ಲಬಾರದು.

ಮಸಾಲೆಗೆ ಈರುಳ್ಳಿ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿಯಬೇಕು. ಅದೇ ಬಾಣಲೆಗೆ ಜೀರಿಗೆ, ಮೆಣಸು, ಒಣಮೆಣಸಿನಕಾಯಿ. ಒಲೆ ಆರಿಸಿ ತೆಂಗಿನ ತುರಿ, ಹುಣಸೆಹಣ್ಣು, ಕೊತ್ತಂಬರಿ ಬೀಜದ ಪುಡಿ. ರುಬ್ಬುವಾಗ ಬೆಂದ ಸೊಪ್ಪು ಬೇಳೆಯಿಂದ ಒಂದು ಹಿಡಿ ತೆಗೆದು ಇದರ ಜೊತೆ ಸೇರಿಸಬೇಕು. ಸಾರು ಗಟ್ಟಿಯಾಗಲು, ನೀರು ಬೇರೆ ಮಸಾಲೆ ಬೇರೆ ಆಗದೇ ಇರಲು ಇದೇ ಕಾರಣ. ರುಬ್ಬಿದ್ದನ್ನು ಕಟ್ಟಿಗೆ ಬೆರೆಸಿ ಹಸಿ ವಾಸನೆ ಹೋಗುವ ತನಕ ಕುದಿಸಿ. ಉಳಿದ ಸೊಪ್ಪು ಬೇಳೆಗೆ ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿಯ ಒಗ್ಗರಣೆ ಕೊಟ್ಟು ಮೇಲೆ ತೆಂಗಿನ ತುರಿ ಹಾಕಿದರೆ ಪಲ್ಯ. ಒಂದೇ ಪಾತ್ರೆಯಿಂದ ಸಾರೂ ಆಯಿತು, ಪಲ್ಯವೂ ಆಯಿತು. ಬಿಸಿ ರಾಗಿಮುದ್ದೆ ಇದ್ದರೆ ಬೇರೇನೂ ಬೇಡ. ಕೆನ್ನೇರಳೆ ದಂಟು ಜಾಸ್ತಿ ಇದ್ದ ದಿನ ಸಾರಿನ ಬಣ್ಣವೇ ಬೇರೆ, ಮಗಳು ತಟ್ಟೆಗೆ ಎರಡು ಸಲ ಹಾಕಿಸಿಕೊಳ್ಳುತ್ತಾಳೆ.

ಸೊಪ್ಪು ಇನ್ನೂ ಕಡಿಮೆ ಇದ್ದರೆ ಉಪ್ಸಾರು. ಮಸಾಲೆ ರುಬ್ಬುವ ಕೆಲಸ ಇಲ್ಲ. ಬಸಿದ ಕಟ್ಟಿಗೆ ಉಪ್ಪು ಅಷ್ಟೇ. ಪಕ್ಕಕ್ಕೆ ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಉಪ್ಪು ಸೇರಿಸಿ ಅರೆದ ಖಾರ. ಬೇಕಾದಷ್ಟು ಖಾರ ಕಟ್ಟಿಗೆ ಕಲಸಿಕೊಂಡು ಉಣ್ಣುವುದು. ಅಜ್ಜಿಗೆ ಬಸ್ಸಾರಿಗಿಂತ ಇದೇ ಇಷ್ಟ. ಸೊಪ್ಪು ಚೆನ್ನಾಗಿದ್ದರೆ ಉಪ್ಸಾರಿನಲ್ಲೇ ಗೊತ್ತಾಗುತ್ತದೆ ಅನ್ನುತ್ತಾರೆ. ನಿಜ. ಮಸಾಲೆ ಇಲ್ಲದಿರುವುದರಿಂದ ಸೊಪ್ಪಿನ ರುಚಿ ನೇರವಾಗಿ ನಾಲಿಗೆಗೆ ಸಿಗುತ್ತದೆ.

2024ರ ಬೇಸಿಗೆ ಕಷ್ಟದ್ದು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಬೋರ್‌ವೆಲ್‌ಗಳು ಬತ್ತಿದವು, ಟ್ಯಾಂಕರ್‌ಗೆ ಕಾಯುವ ಹಾಗಾಯಿತು. ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ, ವಾಹನ ತೊಳೆಯಲು ಬಳಸಬಾರದು ಅಂತ ಆದೇಶ ಮಾಡಿತು. ತಪ್ಪಿದರೆ 5000 ರೂಪಾಯಿ ದಂಡ. ಆ ಆದೇಶ ಸರಿಯಾಗಿಯೇ ಇತ್ತು. ಕುಡಿಯಲು ನೀರಿಲ್ಲದವರು ಇರುವಾಗ ದಂಟಿಗೆ ಕಾವೇರಿ ನೀರು ಹಾಕುವುದು ನನ್ನ ಮನಸ್ಸಿಗೂ ಒಪ್ಪುತ್ತಿರಲಿಲ್ಲ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಸೊಪ್ಪು ತೊಳೆದ ನೀರು ಎಲ್ಲ ಒಂದು ಬಕೆಟ್‌ಗೆ ಹೋಗತೊಡಗಿತು. ಸೊಪ್ಪು ಮೂರು ಸಲ ತೊಳೆಯಬೇಕು ಅಂದೆನಲ್ಲ, ಆ ಮೂರೂ ನೀರು ಮತ್ತೆ ಸೊಪ್ಪಿಗೇ. ಫಿಲ್ಟರ್‌ನಿಂದ ಹೊರಗೆ ಬಿಡುವ ನೀರನ್ನು ಒಂದನ್ನೇ ಹಾಕುವುದಿಲ್ಲ, ಅದರಲ್ಲಿ ಲವಣ ಜಾಸ್ತಿ. ಬೇರೆ ನೀರಿನ ಜೊತೆ ಬೆರೆಸಿ ಹಾಕುತ್ತಿದ್ದೆ.

ಟ್ರೇಗಳ ಮೇಲೆ ಒಣ ಎಲೆ ಎರಡು ಬೆರಳು ದಪ್ಪ ಹರಡಿದೆ. ನೀರು ಹಾಕುವುದು ಸಂಜೆ ಮಾತ್ರ. ಮೇಲೆ ಅರ್ಧ ಬಿಸಿಲು ತಡೆಯುವ ಹಸಿರು ಬಲೆ. ಏಪ್ರಿಲ್ ಕೊನೆಗೆ ಬೆಂಗಳೂರಿನ ಬಿಸಿಲು 38 ಡಿಗ್ರಿ ದಾಟಿತು. ಪಾಲಕ್ ಹೂ ಕಡ್ಡಿ ಬಿಟ್ಟು ಮುಗಿಯಿತು. ಕೊತ್ತಂಬರಿ ಮೇಲೇಳಲೇ ಇಲ್ಲ. ಆದರೆ ದಂಟು, ಬಸಳೆ, ಗೋಣಿ ಸೊಪ್ಪು ಮತ್ತು ಡ್ರಮ್ಮಿನಲ್ಲಿದ್ದ ನುಗ್ಗೆ ನಿಂತವು. ದಂಟು ಬಿಸಿಲಿನ ಗಿಡ, ನೀರು ಕಡಿಮೆ ಇದ್ದರೂ ಬೆಳೆಯುವ ಶಕ್ತಿ ಅದಕ್ಕಿದೆ. ಗೋಣಿ ಸೊಪ್ಪು ನೀರನ್ನು ತನ್ನ ದಪ್ಪ ಎಲೆಯಲ್ಲೇ ಇಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ಇವೇ ಸಾಕು, ಪಾಲಕ್‌ಗಾಗಿ ಒದ್ದಾಡುವುದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೇ ಮೊದಲ ವಾರ ಮಳೆ ಬಂದಾಗ ಬೀದಿಯವರೆಲ್ಲ ತಾರಸಿ ಮೇಲಿದ್ದರು.

ಆ ಬೇಸಿಗೆಯಲ್ಲಿ ದಿನ ಬಿಟ್ಟು ದಿನ ತಂಬುಳಿ ಮಾಡುತ್ತಿದ್ದೆವು. ನೆರಳಿನ ಮೂಲೆಯ ದೊಡ್ಡಪತ್ರೆ ನಾಲ್ಕೈದು ಎಲೆ ಸಾಕು. ತುಪ್ಪದಲ್ಲಿ ಜೀರಿಗೆ, ಮೆಣಸಿನ ಜೊತೆ ಬಾಡಿಸಿ, ತೆಂಗಿನಕಾಯಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ಆಯಿತು. ಒಂದೆಲಗವಾದರೆ ಬಾಡಿಸುವುದೂ ಬೇಡ, ಹಸಿಯಾಗಿಯೇ ರುಬ್ಬಬಹುದು. ನಾಲ್ಕೈದು ಎಲೆಗೆ ಇಡೀ ಮನೆ ಊಟ ಮಾಡುವ ಅಡುಗೆ ಇದು.

ಮಳೆಗಾಲದಲ್ಲಿ ತೊಂದರೆ ಬೇರೆ. ದಂಟಿನ ಎಲೆಯ ಅಡಿಯಲ್ಲಿ ಬಿಳಿ ಬೊಬ್ಬೆ ಏಳುತ್ತದೆ, ಅದಕ್ಕೆ ಬಿಳಿ ತುಕ್ಕು ರೋಗ ಅಂತಾರೆ. ಅಂಥ ಎಲೆಯನ್ನು ಕಿತ್ತು ತಾರಸಿಯಿಂದ ಹೊರಗೆ ಹಾಕಬೇಕು, ಗೊಬ್ಬರದ ಮಡಕೆಗೆ ಹಾಕಬಾರದು. ಗಿಡಗಳನ್ನು ತೆಳುವು ಮಾಡಿ ಗಾಳಿ ಆಡುವ ಹಾಗೆ ಬಿಟ್ಟರೆ ರೋಗ ಕಡಿಮೆ. ಬಸವನಹುಳು ರಾತ್ರಿ ಬರುತ್ತದೆ, ಟಾರ್ಚ್ ಹಿಡಿದು ಕೈಯಲ್ಲೇ ತೆಗೆಯಬೇಕು. ಎಲೆ ಸುತ್ತಿ ಒಳಗೆ ಕೂರುವ ಹುಳಕ್ಕೆ, ಗಿಡದ ಹೇನಿಗೆ ಬೇವಿನೆಣ್ಣೆ. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್, ಜೊತೆಗೆ ಸ್ವಲ್ಪ ಸೋಪಿನ ನೀರು. ಸೋಪು ಇಲ್ಲದಿದ್ದರೆ ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ. ಸಂಜೆ ಹೊಡೆಯಬೇಕು. ಹೊಡೆದ ಸೊಪ್ಪನ್ನು ವಾರ ಬಿಟ್ಟೇ ಕುಯ್ಯುತ್ತೇನೆ, ಇಲ್ಲದಿದ್ದರೆ ಸಾರಿಗೆ ಕಹಿ ಬರುತ್ತದೆ. ಹೇನಿರುವ ಕಡೆ ಗುಲಗಂಜಿ ಹುಳು ಕಂಡರೆ ಏನೂ ಹೊಡೆಯಬೇಡಿ. ಅದು, ಅದರ ಮರಿ ಎರಡೂ ಹೇನನ್ನೇ ತಿಂದು ಬದುಕುವವು.

ಮಣ್ಣಿಗೆ ಹಾಕುವ ದ್ರವ ಗೊಬ್ಬರ ಜೀವಾಮೃತವನ್ನೂ ಮಾಡುತ್ತೇವೆ. ನೈಸರ್ಗಿಕ ಕೃಷಿ ಪ್ರಚಾರಕ ಸುಭಾಷ್ ಪಾಳೇಕರ್ ಅವರು ಹೇಳಿಕೊಟ್ಟ ಅಳತೆ ಎಕರೆಗೆ 200 ಲೀಟರ್. ನಮ್ಮ ತಾರಸಿಗೆ ಅದನ್ನು ಹತ್ತು ಲೀಟರ್‌ಗೆ ಇಳಿಸಿಕೊಂಡಿದ್ದೇವೆ. ಅರ್ಧ ಕಿಲೋ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆಹಿಟ್ಟು, ಒಂದು ಹಿಡಿ ಒಳ್ಳೆಯ ಮಣ್ಣು. ಹಿಂದಿನ ಬೀದಿಯಲ್ಲಿ ಹಸು ಕಟ್ಟಿರುವವರಿದ್ದಾರೆ, ಸಗಣಿ ಗಂಜಲ ಅಲ್ಲಿಂದ. ನೆರಳಲ್ಲಿಟ್ಟು ದಿನಕ್ಕೆ ಎರಡು ಸಲ ಕಲಕಿದರೆ ಎರಡು ಮೂರು ದಿನಕ್ಕೆ ತಯಾರು. ಸೊಪ್ಪಿನ ಎಲೆಯ ಮೇಲೆ ಇದನ್ನು ಚಿಮುಕಿಸುವುದಿಲ್ಲ. ಹಸಿ ಸಗಣಿ ಸೇರಿದ್ದು, ನಾವು ತಿನ್ನುವುದು ಅದೇ ಎಲೆಯನ್ನು. ಕುಯ್ದಾದ ಮೇಲೆ, ಹೊಸ ಚಿಗುರು ಬರುವ ಮುಂಚೆ, ನೀರು ಬೆರೆಸಿ ಬುಡದ ಮಣ್ಣಿಗೆ ಮಾತ್ರ.

ಟೊಮೆಟೊ ವಿಷಯ ಹೇಳುತ್ತೇನೆ ಅಂದಿದ್ದೆ. ಹಾಕಿದ್ದೇವೆ, ಹಣ್ಣೂ ಬಂದಿದೆ. ಮೊದಲು ಹಾಕಿದ ಗಿಡಗಳಿಗೆ ಬಿಳಿನೊಣ ಹತ್ತಿ ಎಲೆ ಮುದುಡು ರೋಗ ಬಂತು. ಆ ನೊಣವೇ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು, ಬಂದ ಮೇಲೆ ಔಷಧಿ ಇಲ್ಲ. ಆಮೇಲೆ ಹೆಸರಘಟ್ಟದ ಅರ್ಕಾ ರಕ್ಷಕ್ ಹಾಕಿದೆವು. ಎಲೆ ಮುದುಡು ಸೇರಿ ಮೂರು ರೋಗ ತಡೆಯುವ ತಳಿ ಅದು, ಚೆನ್ನಾಗಿ ಬಂತು. ಆದರೆ ಅದು ಹೈಬ್ರಿಡ್, ಬೀಜ ಎತ್ತಿಟ್ಟುಕೊಂಡು ಮತ್ತೆ ಅದೇ ಗಿಡ ಪಡೆಯಲು ಆಗುವುದಿಲ್ಲ. ದೊಡ್ಡ ಚೀಲ ಬೇಕು, ಭಾರ, ಆಧಾರಕ್ಕೆ ಕೋಲು, ಮೂರು ತಿಂಗಳ ಕಾಯುವಿಕೆ. ಕೋಲಾರದಿಂದ ದಿನಾ ಟೊಮೆಟೊ ಬರುವ ಊರಿನಲ್ಲಿ ಇಷ್ಟು ಜಾಗವನ್ನು ಅದಕ್ಕೆ ಕೊಡಬೇಕಾ ಅನ್ನುವುದು ಅವರವರ ಇಷ್ಟ. ನಾನು ಎರಡು ಗಿಡಕ್ಕೆ ನಿಲ್ಲಿಸಿದ್ದೇನೆ. ಬದನೆ ಮಾತ್ರ ಯಾವಾಗಲೂ ಇರುತ್ತದೆ. ಅದರ ಹೂವಿಗೆ ದೊಡ್ಡ ಕಪ್ಪು ದುಂಬಿ ಬರುತ್ತದೆ. ಬದನೆ ಹೂವಿನ ಪರಾಗ ಸುಮ್ನೆ ಉದುರುವುದಿಲ್ಲ. ದುಂಬಿ ಹೂವನ್ನು ಹಿಡಿದು ಮೈ ನಡುಗಿಸಿ ಝೇಂಕರಿಸಿದಾಗ ಆ ಅದುರಿಗೆ ಪರಾಗ ಹೊರಗೆ ಬೀಳುತ್ತದೆ. ಬೆಳಿಗ್ಗೆ ಕಾಫಿ ಹಿಡಿದು ಅಲ್ಲಿ ನಿಂತರೆ ಆ ಸದ್ದು ಚೆನ್ನಾಗಿ ಕೇಳುತ್ತದೆ.

ನವೆಂಬರ್‌ನಿಂದ ಜನವರಿ ತಾರಸಿಗೆ ಸುಖದ ಕಾಲ. ಪಾಲಕ್, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಎಲ್ಲವೂ ಚಳಿಗೆ ಚೆನ್ನಾಗಿ ಬರುತ್ತವೆ. ಹೊರಗೆ ಅವರೆಕಾಯಿ ಗಾಡಿಗಳು ಶುರುವಾಗುತ್ತವೆ. ಸೊಗಡಿನ ಅವರೆಕಾಯಿ ಗಾಡಿಯಿಂದ, ಸಬ್ಬಸಿಗೆ ತಾರಸಿಯಿಂದ, ಎರಡೂ ಸೇರಿದರೆ ಅಕ್ಕಿರೊಟ್ಟಿ. ಬೇಯಿಸಿದ ಅವರೆಕಾಳು, ಸಣ್ಣಗೆ ಹೆಚ್ಚಿದ ಸಬ್ಬಸಿಗೆ, ಈರುಳ್ಳಿ, ಹಸಿಮೆಣಸಿನಕಾಯಿ, ತೆಂಗಿನ ತುರಿ, ಜೀರಿಗೆ, ಉಪ್ಪು ಅಕ್ಕಿಹಿಟ್ಟಿಗೆ ಹಾಕಿ ಬಿಸಿನೀರಲ್ಲಿ ಕಲಸಿ, ತಣ್ಣನೆಯ ಬಾಣಲೆಗೇ ತಟ್ಟಬೇಕು. ಸಬ್ಬಸಿಗೆ ಕುಯ್ದು ಹತ್ತು ನಿಮಿಷದಲ್ಲಿ ರೊಟ್ಟಿಗೆ ಹೋದರೆ ಅದರ ಘಮ ಮೆಟ್ಟಿಲು ಇಳಿದು ಕೆಳಗಿನ ಮನೆಗೂ ಹೋಗುತ್ತದೆ. ಆಂಟಿ "ಏನಮ್ಮ ಇವತ್ತು ರೊಟ್ಟಿನಾ?" ಅಂತ ಕೆಳಗಿನಿಂದಲೇ ಕೇಳುತ್ತಾರೆ.

ಪ್ರತಿ ಟ್ರೇಯಲ್ಲಿ ಚೆನ್ನಾಗಿ ಬೆಳೆದ ಒಂದೆರಡು ದಂಟಿನ ಗಿಡವನ್ನು ಕುಯ್ಯದೆ ಬೀಜಕ್ಕೆ ಬಿಡುತ್ತೇನೆ. ಎರಡು ಬಣ್ಣದ ದಂಟು ಅಕ್ಕಪಕ್ಕ ಹೂ ಬಿಟ್ಟರೆ ತಳಿ ಬೆರಕೆಯಾಗುವುದುಂಟು. ಅದಕ್ಕೆ ಒಂದು ಸಲ ಹಸಿರಿನದ್ದು, ಇನ್ನೊಂದು ಸಲ ಕೆನ್ನೇರಳೆಯದ್ದು. ತೆನೆ ಕಂದು ಬಣ್ಣಕ್ಕೆ ತಿರುಗಿದಾಗ ಕತ್ತರಿಸಿ, ನೆರಳಲ್ಲಿ ಒಣಗಿಸಿ, ಪೇಪರ್ ಮೇಲೆ ಉಜ್ಜಿ, ಹೊಟ್ಟು ಊದಿದರೆ ಕಪ್ಪು ಬೀಜ ಉಳಿಯುತ್ತದೆ. ಒಂದು ತೆನೆಯಲ್ಲೇ ಇಡೀ ಬೀದಿಗೆ ಹಂಚುವಷ್ಟು ಇರುತ್ತದೆ. ಪೇಪರ್ ಕವರ್‌ನಲ್ಲಿ ಹಾಕಿ ಹೆಸರು, ತಿಂಗಳು ಬರೆದಿಡುತ್ತೇನೆ. ಪ್ಲಾಸ್ಟಿಕ್‌ನಲ್ಲಿಟ್ಟರೆ ಒಳಗೆ ಉಳಿದ ತೇವಕ್ಕೆ ಬೂಸ್ಟು ಹಿಡಿಯುತ್ತದೆ.

ಈಗ ಓನರ್ ಆಂಟಿಯೂ ಕೆಳಗಡೆ ಕಾಂಪೌಂಡ್ ಪಕ್ಕ ಟ್ರೇ ಇಟ್ಟುಕೊಂಡಿದ್ದಾರೆ. ಅಲ್ಲಿ ಬಿಸಿಲು ಬೆಳಿಗ್ಗೆ ಎರಡು ಮೂರು ಗಂಟೆ ಮಾತ್ರ. ದಂಟು ಹಾಕಿದರೆ ಉದ್ದಕ್ಕೆ ಹೋಗಿ ಬಾಗುತ್ತದೆ. ಅಂಥ ಜಾಗಕ್ಕೆ ಒಂದೆಲಗ, ದೊಡ್ಡಪತ್ರೆ, ಪುದೀನ ಒಳ್ಳೆಯದು. ಗ್ರಿಲ್ ಮೇಲೆ ಹಬ್ಬಿಸಲು ಬಸಳೆ. ಕೊತ್ತಂಬರಿಯನ್ನೂ ಬೇಸಿಗೆಯಲ್ಲಿ ನಾನು ಅಲ್ಲಿಗೇ ಇಳಿಸುತ್ತೇನೆ. ಬೆರಕೆ ಸೊಪ್ಪಿಗೆ ಮೇಲಿನ ತಾರಸಿ, ತಂಬುಳಿಗೆ ಕೆಳಗಿನ ಕಾಂಪೌಂಡು ಅಂತ ಎರಡು ಮನೆಗೂ ಒಪ್ಪಂದವಾಗಿದೆ. ಬಸ್ಸಾರು ಮಾಡಿದ ದಿನ ಅಜ್ಜಿಗೆ ಒಂದು ಬಟ್ಟಲು ಕಟ್ಟು ಮಾತ್ರ ಬೇರೆ ಎತ್ತಿಡುತ್ತೇನೆ, ಅವರದು ಉಪ್ಸಾರೇ ಆಗಬೇಕು.